ಜೀವನಾಂಶದ ಬಗ್ಗೆ ಬರೆದರೆ ಚರ್ಚೆ ನನ್ನ ಫೋಟೊಗೆ ಬಂದು ನಿಂತಿತು: ಹೇಗೆ ಉತ್ತರಿಸಬೇಕು?

ತುಂಗಾತೀರ (ಪ್ರಶ್ನೆ)

ಸಮಾನ ನಾಗರಿಕ ಸಂಹಿತೆಯ ಕುರಿತ ಚರ್ಚೆಯೊಂದರಲ್ಲಿ ಕಳೆದ ವಾರ ನಾನು ಶಾ ಬಾನು ಪ್ರಕರಣವನ್ನು ಪ್ರಸ್ತಾಪಿಸಿದೆ. ಅರವತ್ತು ದಾಟಿದ ಹೆಂಡತಿಗೆ ತಲಾಖ್ ಕೊಟ್ಟ ಗಂಡ ಜೀವನಾಂಶ ಕೊಡಲೇಬೇಕೆಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನ್ಯಾಯ, ಮರುವರ್ಷ ಅದನ್ನು ಮೊಟಕುಗೊಳಿಸಲು ಕಾಯ್ದೆ ತಂದದ್ದು ತಪ್ಪು ಎಂದಷ್ಟೇ ಬರೆದಿದ್ದೆ. ಒಂದು ಗುಂಪು ನನ್ನ ಮಾತನ್ನೇ ಹಿಡಿದುಕೊಂಡು ಇಡೀ ಸಮುದಾಯವನ್ನು ಹಳಿಯತೊಡಗಿತು. ಇನ್ನೊಂದು ಗುಂಪು 'ಮೊದಲು ಶಬರಿಮಲೆಯ ಬಗ್ಗೆ ಮಾತನಾಡಿ' ಎಂದಿತು. ಎಲ್ಲ ವಯಸ್ಸಿನ ಹೆಂಗಸರಿಗೂ ದೇಗುಲ ಪ್ರವೇಶ ಕೊಟ್ಟ ಶಬರಿಮಲೆಯ 2018ರ ತೀರ್ಪನ್ನೂ ಒಪ್ಪುತ್ತೇನೆ ಎಂದು ಬರೆದ ಅರ್ಧ ಗಂಟೆಯೊಳಗೆ, ಅದುವರೆಗೆ ನನ್ನನ್ನು ಹೊಗಳುತ್ತಿದ್ದವರೇ ನನ್ನ ಪ್ರೊಫೈಲ್ ಚಿತ್ರವನ್ನು ಅಲ್ಲಿ ಹಾಕಿ, ಕುಂಕುಮವಿಲ್ಲದ ಹಣೆಗೆ ಕೆಂಪು ಗೆರೆಯ ಸುತ್ತು ಎಳೆದು, ಮದುವೆಯಾಗಿದೆಯೋ ಇಲ್ಲವೋ ಎಂದು ವಿಚಾರಿಸತೊಡಗಿದರು. ನನಗಿಂತ ಕಟುವಾಗಿ ಬರೆದ ಗಂಡಸರಿಗೆ ಅಂಥ ಒಂದು ಪ್ರಶ್ನೆಯೂ ಬರಲಿಲ್ಲ.

ಧರ್ಮದ ಹೆಸರಿನಲ್ಲಿ ಹೆಣ್ಣಿನ ಮೇಲೆ ನಡೆಯುವ ದಬ್ಬಾಳಿಕೆಯನ್ನು, ಆ ಧರ್ಮದವರ ಮೇಲಿನ ದ್ವೇಷಕ್ಕೆ ಸರಕಾಗದಂತೆ ಬರೆಯುವುದು ಹೇಗೆ?

ಹಳೆಯ ವಕೀಲ

ಮೇಡಂ, ಶಾ ಬಾನು ಅವರಿಗೆ ಕೆಳಗಿನ ನ್ಯಾಯಾಲಯ ಗೊತ್ತುಮಾಡಿದ್ದು ತಿಂಗಳಿಗೆ 25 ರೂಪಾಯಿ, ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಇದನ್ನೂ ಕೊಡಲಾರೆನೆಂದು ಸುಪ್ರೀಂ ಕೋರ್ಟಿಗೆ ಹೋದವರು ಸ್ವತಃ ವಕೀಲರಾಗಿದ್ದ ಅವರ ಗಂಡ. ತೀರ್ಪು ಬಂದ ಮೇಲೆ ಎದ್ದ ಗದ್ದಲದಲ್ಲಿ, ತಾವು ಗೆದ್ದ ಹಕ್ಕನ್ನು ತಾವೇ ಬಹಿರಂಗವಾಗಿ ನಿರಾಕರಿಸಬೇಕಾದ ಒತ್ತಡ ಆ ವೃದ್ಧೆಯ ಮೇಲೆ ಬಿತ್ತು. ಆಕೆ ಕೇಳಿದ್ದು ತಿಂಗಳ ಖರ್ಚು, ಊರೆಲ್ಲ ಜಗಳವಾಡಿದ್ದು ಧರ್ಮದ ಮಾನದ ಬಗ್ಗೆ. ಹೀಗಾಗಿ ಮಾತು ಎತ್ತ ಹರಿದರೂ ನೀವು ಅದನ್ನು 'ಆ ಹೆಂಗಸು ಕೇಳಿದ್ದೇನು' ಎಂಬಲ್ಲಿಗೇ ಎಳೆದು ತನ್ನಿ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೊಮ್ಮೆ ಹೇಳಿದೆ, ಅದನ್ನೂ ಸೇರಿಸಿ.

ಫೋಟೊದ ವಿಷಯವನ್ನು ಹಗುರವಾಗಿ ಬಿಡಬೇಡಿ. ದಿನಾಂಕ ಮತ್ತು ಲಿಂಕ್ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ಪೊಲೀಸರಿಗೆ ದೂರು ಕೊಡಿ.

ಕಡಲತಡಿಯ ಶಿಕ್ಷಕಿ

ವಕೀಲರ ಮಾತನ್ನು ಒಪ್ಪುತ್ತೇನೆ, ಆದರೆ ಕೇಳಲು ಬಾಯಿ ತೆರೆದ ಹೆಣ್ಣಿಗೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ತ್ರಿವಳಿ ತಲಾಖ್ ರದ್ದಾದ 2017ರಲ್ಲಿ ನಾನು ತೀರ್ಪಿನ ಪರವಾಗಿ ಬರೆದಾಗ, ಮನೆಯ ಮಾತನ್ನು ಬೀದಿಗೆ ತರಬೇಡವೆಂದು ನಮ್ಮವರೇ ಗದರಿದರು. 2022ರ ಜನವರಿ 1ರಂದು 'ಬುಲ್ಲಿ ಬಾಯಿ' ಎಂಬ ಆ್ಯಪ್‌ನಲ್ಲಿ, ದಿಟ್ಟವಾಗಿ ಮಾತನಾಡುವ ಮುಸ್ಲಿಂ ಹೆಣ್ಣುಮಕ್ಕಳ ಫೋಟೊಗಳನ್ನು ಹರಾಜಿಗಿಟ್ಟಾಗ, ಅದುವರೆಗೆ ನನಗಾಗಿ ಮರುಗುತ್ತಿದ್ದ ಪರಿಚಿತರಲ್ಲಿ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ನಾನು ಹಿಜಾಬ್ ಧರಿಸುತ್ತೇನೆ. ಅದನ್ನು ಹಾಕೆಂದು ಬಲವಂತ ಮಾಡುವುದನ್ನೂ, ತೆಗೆಯದಿದ್ದರೆ ತರಗತಿಯ ಬಾಗಿಲು ಮುಚ್ಚುವುದನ್ನೂ ನಾನು ಒಂದೇ ಉಸಿರಿನಲ್ಲಿ ವಿರೋಧಿಸುತ್ತೇನೆ. ಈ ಮಾತು ಎರಡೂ ಕಡೆಯವರಿಗೆ ಬೇಡವಾಗಿದೆ.

ಹೇಮಾವತಿ ದಂಡೆ

ನಾನೂ ಮುಸ್ಲಿಂ ಮಹಿಳೆಯರ ಪರವಾಗಿ ಪುಟಗಟ್ಟಲೆ ವಾದ ಮಾಡಿದವನು. ಆದರೆ ನನ್ನ ಮನೆಯಲ್ಲೇ ನಡೆದದ್ದು ಕೇಳಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲೆಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಅದಾದ ಎಷ್ಟೋ ವರ್ಷಗಳ ನಂತರ ನನ್ನ ಇಬ್ಬರು ಅಕ್ಕಂದಿರು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟೊತ್ತಿ, ಕ್ಯಾಮೆರಾದ ಮುಂದೆ ಕುಳಿತು, ನನ್ನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ ಅವರಿಗಿತ್ತು. ಅಂದು ನಾನು ಬೇಡವೆನ್ನಲಿಲ್ಲ. ಈಗ ಆ ಪಾಲನ್ನು ಹಿಂದಿರುಗಿಸುವ ಪತ್ರ ಬರೆಸುತ್ತಿದ್ದೇನೆ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಶಿಕ್ಷಕಿಯವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ದೂರು ಕೊಟ್ಟಿದ್ದೇನೆ, ಪ್ರೊಫೈಲ್ ಚಿತ್ರವನ್ನು ಮಾತ್ರ ಬದಲಿಸಿಲ್ಲ. ಅದೇ ಚರ್ಚೆಯಲ್ಲಿ ಇಂದು ರಾತ್ರಿ 179 ರೂಪಾಯಿ 20 ಪೈಸೆಯಿಂದಲೇ ಆರಂಭಿಸಿ ಮತ್ತೆ ಬರೆಯುತ್ತೇನೆ.