ಮಕ್ಕಳು ಟಿವಿಯಲ್ಲಿ ಏನು ನೋಡಬಹುದು ಎಂಬುದನ್ನು ನೀವು ಹೇಗೆ ತೀರ್ಮಾನಿಸುತ್ತೀರಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ, ದಾವಣಗೆರೆಯ ಒಬ್ಬ ತಾಯಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಅತ್ತೆ ಮಾವನವರೊಂದಿಗೆ ಇರುವ ಕುಟುಂಬ. ಮಗಳಿಗೆ ಹತ್ತು ವರ್ಷ, ಮಗನಿಗೆ ಐದು. ಟಿವಿ ಇರುವುದು ಒಂದೇ, ಅದೂ ನಡುಮನೆಯಲ್ಲಿ. ಸಂಜೆ ಅತ್ತೆಯವರ ಧಾರಾವಾಹಿಗಳು, ರಾತ್ರಿ ಮಾವನವರ ಸುದ್ದಿ, ನಡುವೆ ಬಿಡುವು ಸಿಕ್ಕಾಗ ಮಕ್ಕಳ ಕಾರ್ಟೂನು. ಮಗ ಈಚೆಗೆ ಕತ್ತಲಾದ ಮೇಲೆ ಬಚ್ಚಲುಮನೆಗೆ ಒಬ್ಬನೇ ಹೋಗಲು ಹೆದರುತ್ತಿದ್ದಾನೆ. ಕಾರ್ಟೂನು ಕಾರಣವೇ ಎಂದು ನನಗೆ ಅನುಮಾನ. ಮಗಳು ಒಂದು ವೆಬ್ ಸರಣಿಯನ್ನು ‘ಕ್ಲಾಸಿನಲ್ಲಿ ಎಲ್ಲರೂ ನೋಡಿದ್ದಾರೆ’ ಎಂದು ಹಟ ಹಿಡಿದಿದ್ದಾಳೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದಕ್ಕೆ ನಿಮ್ಮ ಮನೆಗಳಲ್ಲಿ ಏನು ಕ್ರಮ ಇಟ್ಟುಕೊಂಡಿದ್ದೀರಿ?

ಹುಬ್ಬಳ್ಳಿಯಿಂದ, ಇಬ್ಬರು ಹೆಣ್ಣುಮಕ್ಕಳ ತಂದೆ

ಮಗಳ ವಿಷಯ ಮೊದಲು ಹೇಳುತ್ತೇನೆ, ಅದು ಎರಡರಲ್ಲಿ ಸುಲಭದ್ದು. ವೆಬ್ ಸರಣಿಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ವಯಸ್ಸಿನ ಗುರುತು ಇರಲೇಬೇಕು: ಯು, ಯುಎ 7+, ಯುಎ 13+, ಯುಎ 16+ ಮತ್ತು ಎ. ಗುರುತಿನ ಜೊತೆಗೆ ಹಿಂಸೆ, ಕೆಟ್ಟ ಮಾತು, ಮಾದಕ ವಸ್ತು ಹೀಗೆ ಅದರಲ್ಲಿ ಏನಿದೆ ಎಂಬುದನ್ನೂ ಆರಂಭದಲ್ಲಿ ತೋರಿಸುತ್ತಾರೆ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೋಷಕರು ಬೀಗ ಹಾಕುವ ವ್ಯವಸ್ಥೆಯನ್ನು ಕಂಪನಿಗಳು ಕೊಡಲೇಬೇಕು. ಆದ್ದರಿಂದ ಮಗಳ ಹೆಸರಿನಲ್ಲಿ ಬೇರೆ ಪ್ರೊಫೈಲ್ ಮಾಡಿ, ನಿಮ್ಮ ಪ್ರೊಫೈಲಿಗೆ ಪಿನ್ ಹಾಕಿ. ಆ ಪಿನ್ ಮನೆಯವರ ಹುಟ್ಟಿದ ವರ್ಷವಾಗಿರಬಾರದು. ನಮ್ಮ ಚಿಕ್ಕವಳು ಅಪ್ಪನ ಹೆಬ್ಬೆರಳು ರಿಮೋಟಿನ ಮೇಲೆ ಎಲ್ಲೆಲ್ಲಿ ಹೋಯಿತು ಎಂಬುದನ್ನು ನೋಡಿಯೇ ಅದನ್ನು ಕಲಿತವಳು.

ಗುರುತು ಇದ್ದರೂ ನಾನು ಆ ಸರಣಿಯ ಒಂದು ಕಂತನ್ನು ಮಕ್ಕಳು ಮಲಗಿದ ಮೇಲೆ ನೋಡುತ್ತೇನೆ. ಮೊದಲನೆಯದನ್ನಲ್ಲ, ನಡುವಿನ ಒಂದನ್ನು. ಮೊದಲ ಕಂತಿನಲ್ಲಿ ಎಲ್ಲರೂ ಸಭ್ಯರಾಗಿಯೇ ಇರುತ್ತಾರೆ. ‘ಎಲ್ಲರೂ ನೋಡಿದ್ದಾರೆ’ ಎಂಬ ಮಾತು ನಮ್ಮ ಮನೆಯಲ್ಲೂ ಬಂದಿತ್ತು. ಪರಿಚಯದ ಪೋಷಕರಿಗೆ ಫೋನ್ ಮಾಡಿ ವಿಚಾರಿಸಿದಾಗ, ನೋಡಿದ್ದವನು ಒಬ್ಬನೇ ಹುಡುಗ, ಅದೂ ಅಣ್ಣನ ಮೊಬೈಲಿನಲ್ಲಿ ಕಂಡ ಒಂದೆರಡು ತುಣುಕು ಎಂದು ತಿಳಿಯಿತು. ಉಳಿದವರೆಲ್ಲ ಅವನ ಬಾಯಿಂದ ಕತೆ ಕೇಳಿದ್ದರು, ಅಷ್ಟೆ.

ಸಿನಿಮಾಗಳಿಗೂ ಈಗ ಇದೇ ಬಗೆಯ ಗುರುತು ಬಂದಿದೆ. 2023ರ ತಿದ್ದುಪಡಿಯ ಮುಂಚೆ ಏಳು ವರ್ಷದವರಿಗೂ ಹದಿನಾರರವರಿಗೂ ಸೇರಿ ಒಂದೇ ‘ಯುಎ’ ಇತ್ತು. ಹಾಗಾಗಿ ಹಳೆಯ ಚಿತ್ರದ ಮೇಲಿನ ಯುಎ ಗುರುತಿನಿಂದ ನಿಮಗೆ ಹೆಚ್ಚೇನೂ ತಿಳಿಯುವುದಿಲ್ಲ. ಆದರೆ ನಿಮ್ಮ ಮಗನ ತೊಂದರೆಗೆ ಈ ಯಾವ ಗುರುತೂ ಒದಗುವುದಿಲ್ಲ, ಏಕೆಂದರೆ ಧಾರಾವಾಹಿ, ಸುದ್ದಿ, ರಿಯಾಲಿಟಿ ಶೋಗಳು ಸೆನ್ಸಾರ್ ಮಂಡಳಿಯ ಮುಂದೆ ಹೋಗುವುದೇ ಇಲ್ಲ. ಮಕ್ಕಳಿಗೆ ತಕ್ಕುದಲ್ಲದ ಕಾರ್ಯಕ್ರಮವನ್ನು ಹೆಚ್ಚು ಮಕ್ಕಳು ನೋಡುವ ಹೊತ್ತಿನಲ್ಲಿ ತೋರಿಸಬಾರದು ಎಂದು 1994ರ ಕೇಬಲ್ ಟಿವಿ ನಿಯಮಗಳಲ್ಲಿ ಬರೆದಿದೆ. ಆದರೆ ಯಾವುದು ತಕ್ಕುದಲ್ಲ ಎಂದು ಪ್ರಸಾರಕ್ಕೆ ಮುಂಚೆ ನೋಡಿ ಹೇಳುವವರು ವಾಹಿನಿಯವರೇ.

ಸಾಗರದಿಂದ, ಸರ್ಕಾರಿ ಶಾಲೆಯ ಶಿಕ್ಷಕಿ

ನಾನು ನಲಿ-ಕಲಿ ತರಗತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳೊಂದಿಗೆ ಇರುವವಳು. ಹಿಂದಿನ ರಾತ್ರಿ ಮನೆಯಲ್ಲಿ ಯಾವ ವಾಹಿನಿ ಹಾಕಿದ್ದರು ಎಂಬುದು ಬೆಳಗಿನ ಆಟದಲ್ಲಿಯೇ ನಮಗೆ ಗೊತ್ತಾಗುತ್ತದೆ. ನಿಮ್ಮ ಮಗನ ಹೆದರಿಕೆಗೆ ಕಾರ್ಟೂನು ಕಾರಣವಾಗಿರಲಾರದು ಎಂದು ನನ್ನ ಅನಿಸಿಕೆ. ಮಾವನವರು ಸುದ್ದಿ ನೋಡುವಾಗ ಅವನು ಎಲ್ಲಿ ಕುಳಿತಿರುತ್ತಾನೆ ಎಂಬುದನ್ನು ಗಮನಿಸಿ.

ಅಪರಾಧ ಸುದ್ದಿಯ ಕಾರ್ಯಕ್ರಮಗಳು ಹೇಗಿರುತ್ತವೆ ಎಂಬುದನ್ನು ಒಮ್ಮೆ ಮಗುವಿನ ಎತ್ತರದಲ್ಲಿ, ಅಂದರೆ ನೆಲದ ಮೇಲೆ ಕುಳಿತು, ನೋಡಿ. ಗಡಸು ದನಿಯ ನಿರೂಪಣೆ, ಎದೆ ನಡುಗಿಸುವ ಹಿನ್ನೆಲೆ ಸದ್ದು, ಕತ್ತಲೆಯ ಓಣಿಯಲ್ಲಿ ಬೆನ್ನು ತೋರಿಸಿ ನಡೆಯುವ ಮನುಷ್ಯ, ಮೇಲೆತ್ತಿದ ಮಚ್ಚು. ಮತ್ತೆ ಅದೇ ಮಚ್ಚು, ಈ ಸಲ ನಿಧಾನಗತಿಯಲ್ಲಿ, ಸುತ್ತಲೂ ಒಂದು ಕೆಂಪು ವೃತ್ತದೊಂದಿಗೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಸಾಂದರ್ಭಿಕ ದೃಶ್ಯ’ ಎಂದು ಬರೆದಿರುತ್ತದೆ. ಅಕ್ಷರ ಕೂಡಿಸಿ ಓದಲು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಅದರಿಂದ ಏನು ಪ್ರಯೋಜನ? ಒಂದನೆಯ ತರಗತಿಯ ಹುಡುಗನೊಬ್ಬ ಒಂದು ಬೆಳಗ್ಗೆ ನನ್ನ ಬಳಿ ಬಂದು, ಘಾಟಿಯಲ್ಲಿ ‘ತುಂಬಾ ಬಸ್ಸು ಬಿದ್ದುಹೋದವು ಮಿಸ್’ ಎಂದು ಗಾಬರಿಯಿಂದ ಹೇಳಿದ. ಬಿದ್ದದ್ದು ಒಂದೇ ಬಸ್ಸು. ವಾಹಿನಿಯವರು ಅದೇ ದೃಶ್ಯವನ್ನು ಊಟ ಮುಗಿಯುವ ತನಕ ತಿರುಗಿಸಿ ತಿರುಗಿಸಿ ತೋರಿಸಿದ್ದರಿಂದ, ಅವನ ಲೆಕ್ಕದಲ್ಲಿ ಪ್ರತಿ ಸಲವೂ ಹೊಸ ಬಸ್ಸು ಬಿದ್ದಿತ್ತು. ಅವನ ಅಪ್ಪ ಬಸ್ ಚಾಲಕರು ಎಂಬುದನ್ನು ಸೇರಿಸಿದರೆ ಆ ಮಗುವಿನ ರಾತ್ರಿ ಹೇಗಿದ್ದಿರಬಹುದು ಎಂದು ನೀವೇ ಊಹಿಸಬಹುದು.

ಧಾರಾವಾಹಿಗಳ ಪ್ರಭಾವ ಬೇರೆ ಬಗೆಯದು. ಅದರಿಂದ ಹೆದರಿಕೆ ಬರುವುದಿಲ್ಲ, ನಡವಳಿಕೆ ಬರುತ್ತದೆ. ಮನೆಯಾಟ ಆಡುವಾಗ ಹೆಣ್ಣುಮಕ್ಕಳು ಬಾಗಿಲ ಮರೆಯಲ್ಲಿ ನಿಂತು ಕದ್ದು ಕೇಳುವ ಪಾತ್ರಕ್ಕಾಗಿ ಜಗಳವಾಡುತ್ತಾರೆ, ಏಕೆಂದರೆ ಒಳ್ಳೆಯ ಸೊಸೆಯ ಪಾತ್ರದಲ್ಲಿ ಅಳುವುದನ್ನು ಬಿಟ್ಟು ಮಾಡಲು ಕೆಲಸವೇ ಇಲ್ಲ. ಆಟದ ಲೋಟದ ಹಾಲಿಗೆ ಏನನ್ನೋ ಬೆರೆಸಿ ಗೊಂಬೆಗೆ ಕುಡಿಸಿದ್ದನ್ನೂ ನೋಡಿದ್ದೇನೆ. ಇದನ್ನು ನೋಡಿ ಮಕ್ಕಳು ಕೆಟ್ಟೇಹೋದರು ಎಂದು ನಾನು ಹೇಳುವುದಿಲ್ಲ. ಆದರೆ ತಾಯಂದಿರು ಕಾರ್ಟೂನನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸುತ್ತಾರೆ, ದೊಡ್ಡವರು ತಮಗಾಗಿ ಹಾಕಿಕೊಂಡದ್ದನ್ನು ಮಗು ನೋಡುತ್ತಲೇ ಇಲ್ಲ ಎಂದುಕೊಳ್ಳುತ್ತಾರೆ. ನನಗೆ ಹೆಚ್ಚು ಚಿಂತೆ ಇರುವುದು ಈ ಎರಡನೆಯದರ ಬಗ್ಗೆ.

ಕಾರ್ಟೂನುಗಳೂ ಎಲ್ಲವೂ ಒಂದೇ ಅಲ್ಲ. ತುಂಟ ಹುಡುಗನ ಒಂದು ಪ್ರಸಿದ್ಧ ಜಪಾನೀ ಕಾರ್ಟೂನು, ಶಿನ್‌ಚಾನ್, 2008ರಲ್ಲಿ ಪೋಷಕರ ದೂರುಗಳ ನಂತರ ನಮ್ಮ ದೇಶದಲ್ಲಿ ನಿಂತು, ಮರುವರ್ಷ ಕತ್ತರಿ ಹಾಕಿಸಿಕೊಂಡು ಮರಳಿತು. ಅದು ಮೂಲತಃ ದೊಡ್ಡವರಿಗಾಗಿ ಬರೆದ ಚಿತ್ರಕತೆ. ಬಣ್ಣ ಬಣ್ಣದ ಚಿತ್ರ ಇದ್ದ ಮಾತ್ರಕ್ಕೆ ಮಕ್ಕಳದೆಂದು ತಿಳಿಯಬಾರದು ಎಂಬುದಕ್ಕೆ ಆ ಉದಾಹರಣೆ ಸಾಕು. ಇನ್ನು ಹೊತ್ತಿನ ಬಗ್ಗೆ: ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ ಇರಲಿ ಎಂದು ಹೇಳಿದೆ. ಮೊಬೈಲೂ ಈ ಲೆಕ್ಕದೊಳಗೇ ಬರುತ್ತದೆ. ಅತ್ತೆಯವರ ಪಕ್ಕದಲ್ಲಿ ಕುಳಿತು ನೋಡಿದ ಧಾರಾವಾಹಿಯೂ ಬರುತ್ತದೆ, ಆದರೆ ಅದನ್ನು ಯಾರೂ ಎಣಿಸುವುದಿಲ್ಲ.

ಮೈಸೂರಿನಿಂದ, ಒಬ್ಬ ಅಜ್ಜ

ಶಿಕ್ಷಕಿಯವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ನಮ್ಮ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು. ಮೊಣಕಾಲು ನೋವಿನ ಹೆಂಗಸಿಗೆ ಸಂಜೆಯ ಹೊತ್ತು ಜೊತೆಯಾಗಿರುವುದು ಆ ಧಾರಾವಾಹಿಯ ಮಂದಿಯೇ. ಟಿವಿ ಆರಿಸಿ ಎಂದು ಸೊಸೆ ಹೇಳಿದರೆ ಅದು ದೂರಾಗುತ್ತದೆ, ಮಗ ಹೇಳಿದರೆ ಸಲಹೆಯಾಗುತ್ತದೆ. ಇದು ನ್ಯಾಯವಲ್ಲ, ಆದರೆ ಮನೆಗಳು ನಡೆಯುವುದು ಹೀಗೆಯೇ. ಆದ್ದರಿಂದ, ತಾಯಿ, ಈ ಮಾತನ್ನು ನಿಮ್ಮ ಯಜಮಾನರಿಂದಲೇ ಆಡಿಸಿ; ಅದೂ ‘ಮಗು ಹೆದರುತ್ತಿದೆ ಅಪ್ಪಾ’ ಎಂದು ಶುರುವಾಗಲಿ. ಮೊಮ್ಮಗ ಹೆದರುತ್ತಾನೆ ಎಂದು ಕೇಳಿದ ಮೇಲೆ ಮಚ್ಚಿನ ಸುದ್ದಿ ನೋಡುತ್ತ ಕೂರುವ ಅಜ್ಜ ಯಾರಿದ್ದಾರೆ?

ನಮ್ಮ ಮನೆಯಲ್ಲಿ ಆದ ಏರ್ಪಾಡು ಹೀಗಿದೆ. ಧಾರಾವಾಹಿಗಳನ್ನು ವಾಹಿನಿಗಳು ಮರುದಿನ ಮತ್ತೆ ಹಾಕುತ್ತವೆ. ಮಕ್ಕಳು ಶಾಲೆಗೆ ಹೋದ ಮೇಲೆ ನನ್ನ ಮನೆಯವರು ಅದನ್ನು ನೋಡುತ್ತಾರೆ. ತೀರಾ ಬಿಡಲಾಗದ ಒಂದನ್ನು ಮಾತ್ರ ಸಂಜೆ ಕೋಣೆಯಲ್ಲಿ ಮೊಬೈಲಿನಲ್ಲಿ ಹಾಕಿಕೊಳ್ಳುತ್ತಾರೆ. ನನ್ನ ಸುದ್ದಿ ಬೆಳಗಿನ ಪತ್ರಿಕೆಗೆ ಹೋಯಿತು, ನಷ್ಟವೇನೂ ಆಗಿಲ್ಲ. ರಾತ್ರಿ ಚಂದನದಲ್ಲಿ ‘ಥಟ್ ಅಂತ ಹೇಳಿ’ ಬರುವಾಗ ಮೊಮ್ಮಗಳೂ ನಾನೂ ಒಟ್ಟಿಗೆ ಕೂರುತ್ತೇವೆ. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ರಸಪ್ರಶ್ನೆ ಅದು, ಸರಿಯುತ್ತರಕ್ಕೆ ಬಹುಮಾನ ಪುಸ್ತಕ. ಗಾದೆಯ ಪ್ರಶ್ನೆ ನನ್ನದು, ಕ್ರಿಕೆಟಿನ ಪ್ರಶ್ನೆ ಅವಳದು. ‘ಇದನ್ನು ನೋಡಬೇಡ’ ಎಂದು ಹೇಳಿದ ಮನೆಯಲ್ಲಿ ‘ಇದನ್ನು ಒಟ್ಟಿಗೆ ನೋಡೋಣ’ ಎಂಬುದೂ ಒಂದು ಇರಬೇಕು, ಇಲ್ಲವಾದರೆ ಮಕ್ಕಳು ಪಕ್ಕದ ಮನೆಗೆ ಹೋಗಿ ನೋಡುತ್ತಾರೆ.

ಇಂಗ್ಲೆಂಡಿನಿಂದ, ಮೂಲತಃ ಉಡುಪಿಯವಳು

ಇಲ್ಲಿ ರಾತ್ರಿ ಒಂಬತ್ತಕ್ಕೆ ಮುಂಚೆ ಮಕ್ಕಳಿಗೆ ಸಲ್ಲದ್ದನ್ನು ಟಿವಿಯಲ್ಲಿ ಹಾಕುವಂತಿಲ್ಲ ಎಂಬ ಸ್ಪಷ್ಟ ಗಡಿ ಇದೆ, ಹಾಗಾಗಿ ಇಲ್ಲಿನ ವಾಹಿನಿಗಳ ಬಗ್ಗೆ ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ತೊಂದರೆ ಕನ್ನಡ ವಾಹಿನಿಗಳದ್ದೇ. ಅಮ್ಮ ಬಂದಾಗ ಅವರಿಗಾಗಿ ಅಂತರ್ಜಾಲದಲ್ಲಿ ನೇರಪ್ರಸಾರ ಹಾಕಿಕೊಡುತ್ತೇವೆ. ಊರಿನಲ್ಲಿ ರಾತ್ರಿ ಒಂಬತ್ತೂವರೆಗೆ, ಮಕ್ಕಳು ಮಲಗಿರುತ್ತಾರೆ ಎಂದು ಭಾವಿಸಿ ಹಾಕುವ ಕಾರ್ಯಕ್ರಮ, ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೆ, ಮಕ್ಕಳು ಚೀಲ ಕೆಳಗಿಟ್ಟು ತಿಂಡಿಗೆ ಕೂರುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಈಗ ಅಮ್ಮನಿಗೆ ಬೇಕಾದ ಕಂತುಗಳನ್ನು ಮಾತ್ರ ಆಯ್ದು ಹಾಕುತ್ತೇವೆ, ನೇರಪ್ರಸಾರವನ್ನು ಬಿಟ್ಟೇಬಿಟ್ಟಿದ್ದೇವೆ. ಮಕ್ಕಳ ಕನ್ನಡಕ್ಕೆ ಚಿಂಟು ಟಿವಿಯ ಕಾರ್ಟೂನುಗಳು ಒದಗಿವೆ. ಅಜ್ಜಿಯ ಜೊತೆ ಮಾತಿಗೆ ಬೇಕಾದ ಎಷ್ಟೋ ಶಬ್ದಗಳನ್ನು ಅವರು ಅಲ್ಲಿಂದಲೇ ಹೆಕ್ಕಿಕೊಂಡಿದ್ದಾರೆ.

ಬೆಂಗಳೂರಿನಿಂದ, ಒಬ್ಬ ಮಗನ ತಾಯಿ

ಯಾರೂ ಹೇಳದ ಎರಡು ವಿಷಯ ಸೇರಿಸುತ್ತೇನೆ. ಒಂದು, ಮಕ್ಕಳೇ ಸ್ಪರ್ಧಿಸುವ ಹಾಡು, ಕುಣಿತದ ಶೋಗಳು. ಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಇವನ್ನು ಮಕ್ಕಳ ಕಾರ್ಯಕ್ರಮ ಎಂದು ನಾವು ಕಣ್ಣು ಮುಚ್ಚಿ ಒಪ್ಪಿಬಿಡುತ್ತೇವೆ. ದೊಡ್ಡವರ ಸಿನಿಮಾ ಹಾಡಿಗೆ ಆ ಚಿತ್ರದ ನಟಿಯಂತೆಯೇ ಎಂಟು ವರ್ಷದ ಹುಡುಗಿಯನ್ನು ಕುಣಿಸುವುದು ಸಲ್ಲದು ಎಂದು 2019ರ ಜೂನ್‌ನಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯವೇ ಖಾಸಗಿ ವಾಹಿನಿಗಳಿಗೆ ಎಚ್ಚರಿಕೆಯ ಸೂಚನೆ ಕಳಿಸಬೇಕಾಯಿತು. ನಾನು ಮಗನೊಂದಿಗೆ ಹಾಡನ್ನು ಕೇಳುತ್ತೇನೆ, ಯಾರು ಹೊರಹೋಗುತ್ತಾರೆ ಎಂದು ಘೋಷಿಸುವ ಭಾಗ ಬಂದಾಗ ವಾಹಿನಿ ಬದಲಿಸುತ್ತೇನೆ. ಅಳುವ ಮಗುವಿನ ಮುಖಕ್ಕೆ ಕ್ಯಾಮರಾ ಹತ್ತಿರ ಹತ್ತಿರ ಹೋಗುವುದನ್ನು ಮತ್ತೊಂದು ಮಗು ನೋಡಿ ಕಲಿಯಬೇಕಾದದ್ದು ಏನೂ ಇಲ್ಲ.

ಇನ್ನೊಂದು, ಜಾಹೀರಾತು. ಚಿಪ್ಸು, ಸೋಡಾ ಬಗೆಯ ತಿನಿಸು ಪಾನೀಯಗಳ ಜಾಹೀರಾತನ್ನು ಮಕ್ಕಳ ವಾಹಿನಿಯಲ್ಲಾಗಲಿ ಮಕ್ಕಳ ಕಾರ್ಯಕ್ರಮದ ನಡುವೆಯಾಗಲಿ ತೋರಿಸಬಾರದು ಎಂದು 2022ರ ಮಾರ್ಗಸೂಚಿಯಲ್ಲಿ ಇದೆ. ಆದರೆ ಕ್ರಿಕೆಟ್ ಪಂದ್ಯ ಮಕ್ಕಳ ಕಾರ್ಯಕ್ರಮವಲ್ಲವಲ್ಲ! ಓವರು ಮುಗಿದಾಗಲೆಲ್ಲ ನಾವು ಸದ್ದು ಆರಿಸುತ್ತೇವೆ. ಹುಡುಗನಿಗೆ ಈಗ ಅದೇ ಒಂದು ಆಟವಾಗಿ, ರಿಮೋಟು ಅವನ ಕೈಯಲ್ಲೇ ಇರುತ್ತದೆ.

ಬೀಗ, ಪಿನ್‌ಗಳಲ್ಲಿ ನನಗೆ ಹುಬ್ಬಳ್ಳಿಯವರಷ್ಟು ನಂಬಿಕೆ ಇಲ್ಲ; ಬೇಡದ ವಾಹಿನಿಯನ್ನು ಪ್ಯಾಕೇಜಿನಿಂದಲೇ ತೆಗೆಸುವುದು ಮೇಲು. 2019ರಿಂದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಲು ಅವಕಾಶವಿದೆ, ಕೇಬಲ್ ಆಪರೇಟರಿಗೆ ಹೇಳಿದರೆ ಆಗುತ್ತದೆ. ಮಾವನವರನ್ನು ಕೇಳದೆ ಸುದ್ದಿ ವಾಹಿನಿಗೆ ಮಾತ್ರ ಕೈ ಹಾಕಬೇಡಿ. ತೀರಾ ಅತಿಯಾದದ್ದು ಕಂಡರೆ ಮನೆಯೊಳಗೆ ಗೊಣಗುವ ಬದಲು ವಾಹಿನಿಗೇ ಬರೆಯಿರಿ. 2021ರ ನಿಯಮದಂತೆ ಅವರು ಹದಿನೈದು ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಉತ್ತರ ಸರಿಕಾಣದಿದ್ದರೆ ಪ್ರಸಾರಕರ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಬರೆಯುವಾಗ ವಾಹಿನಿ, ಕಾರ್ಯಕ್ರಮದ ಹೆಸರು, ದಿನಾಂಕ, ಪ್ರಸಾರವಾದ ಹೊತ್ತು ಇಷ್ಟೂ ಇರಲಿ, ದೃಶ್ಯ ಏನೆಂಬುದನ್ನು ಎರಡು ಸಾಲಿನಲ್ಲಿ ವಿವರಿಸಿ. ‘ನಿಮ್ಮ ಕಾರ್ಯಕ್ರಮಗಳು ಸರಿಯಿಲ್ಲ’ ಎಂದಷ್ಟೇ ಬರೆದರೆ ಬರುವುದು ಧನ್ಯವಾದದ ಉತ್ತರ ಮಾತ್ರ.