ಸಹಾಯ ಬೇಕು: ಓಟದ ನೋವಿಗೆ ಆರ್ನಿಕಾ ಗುಳಿಗೆ ನಂಬಬಹುದಾ?

ನಮಸ್ಕಾರ. ಮೊದಲ ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆಸಿದ್ದೇನೆ. ಜೊತೆಗೆ ಓಡುವವರೊಬ್ಬರು ಆರ್ನಿಕಾ 30ಸಿ ಅನ್ನೋ ಹೋಮಿಯೋಪತಿ ಗುಳಿಗೆ ತಗೊಳ್ಳಿ, ಕಾಲುನೋವು ಮಾಯ ಅಂತ ಬೆನ್ನು ಬಿದ್ದಿದ್ದಾರೆ. ಮಾರುವವರೂ ಅವರೇ! 30ಸಿ ಅಂದರೆ ನೂರರಲ್ಲಿ ಒಂದು ಪಾಲಿನಂತೆ 30 ಸಲ ತೆಳು ಮಾಡಿದ್ದು. ಅಷ್ಟು ಹೊತ್ತಿಗೆ ಮೂಲ ಆರ್ನಿಕಾ ಗಿಡದ ಒಂದು ಅಣುವೂ ಉಳಿದಿರುವುದಿಲ್ಲ, ಅಲ್ವಾ? "ನನಗೆ ನಾಲ್ಕೇ ದಿನದಲ್ಲಿ ವಾಸಿಯಾಯ್ತು" ಅನ್ನುತ್ತಾರೆ. ಆದರೆ ಜಾಸ್ತಿ ಓಡಿದಾಗ ಬರುವ ಸ್ನಾಯು ನೋವು ಒಂದೆರಡು ದಿನ ಏರಿ, ಆಮೇಲೆ ಸುಮ್ನೆ ಇದ್ದರೂ ಇಳಿಯುತ್ತದೆ. ಹೆಸರು ಮಾತ್ರ ಗುಳಿಗೆಗೆ.

ನನ್ನ ಮೊಣಕಾಲಿನ ಹೊರಬದಿಯ ನೋವು 3 ವಾರವಾದರೂ ಹೋಗಿಲ್ಲ. ಇಂಥದ್ದಕ್ಕೆ ಫಿಸಿಯೋ ಹತ್ತಿರ ಹೋದವರಿದ್ದೀರಾ? ಯಾವ ವ್ಯಾಯಾಮ ಕೊಟ್ಟರು, ಓಟ ಎಷ್ಟು ಇಳಿಸಿದಿರಿ, ದಯವಿಟ್ಟು ಹೇಳಿ. ಜೊತೆಗೆ ಓಡುವ ಅವರ ಮನಸ್ಸು ನೋಯಿಸದೆ ಗುಳಿಗೆ ಬೇಡ ಅನ್ನುವುದು ಹೇಗೆ, ಅದನ್ನೂ.