ಪದಚರ್ಚೆ: ನಂಬಿಕೆಯಲ್ಲಿ ಒಬ್ಬರನ್ನು ಬೆಳೆಸುವವರನ್ನು ಏನೆಂದು ಕರೆಯಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕ್ರೈಸ್ತ ಸಭೆಯಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರ ಜೊತೆ ಅನುಭವವುಳ್ಳ ಒಬ್ಬ ವಿಶ್ವಾಸಿ ವಾರಕ್ಕೊಮ್ಮೆ ಕೂತು ವಾಕ್ಯ (ಬೈಬಲ್) ಓದುವುದು, ಪ್ರಾರ್ಥಿಸುವುದು, ದಿನದಿನದ ಭಕ್ತಿಯ ರೂಢಿ ಕಲಿಸುವುದು ಉಂಟಲ್ಲ, ಅದಕ್ಕೊಂದು ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿ ಆ ಕೆಲಸಕ್ಕೆ 'ಶಿಷ್ಯತ್ವ', ಕಲಿಸುವವರಿಗೆ 'ಆತ್ಮಿಕ ಗುರು', ಕಲಿಯುವವರಿಗೆ 'ಶಿಷ್ಯ' ಎಂದು ಹಾಕಿದ್ದಾರೆ. ಮಾತಿನಲ್ಲಂತೂ 'ಫಾಲೋಅಪ್', 'ಮೆಂಟರ್' ಎಂದೇ ನಡೆಯುತ್ತದೆ. ಕರಡಿನ ಪದಗಳು ಸರಿಯೇ? 'ಅಕೌಂಟಬಿಲಿಟಿ' (ತನ್ನ ನಡತೆಯ ಬಗ್ಗೆ ಇನ್ನೊಬ್ಬರಿಗೆ ಉತ್ತರ ಕೊಡುವುದು), 'ಕ್ವೈಟ್ ಟೈಮ್' (ದಿನಾಲೂ ಒಬ್ಬರೇ ಕೂತು ಬೈಬಲ್ ಓದಿ ಪ್ರಾರ್ಥಿಸುವ ಹೊತ್ತು) ಇವಕ್ಕೆ ಏನು ಬಳಸಬಹುದು?

ಉತ್ತರ 1:

'ಶಿಷ್ಯ' ಇರಲಿ, ಆದರೆ ಕಲಿಸುವವರ ಶಿಷ್ಯ ಎಂಬ ಅರ್ಥ ಬರಬಾರದು. 'ಗುರು' ಬೇಡವೇ ಬೇಡ.

ಸಂಸ್ಕೃತದ 'ಶಿಷ್ಯ' ಬಂದದ್ದು 'ಶಾಸ್' ಧಾತುವಿನಿಂದ. ಶಾಸನ, ಶಾಸ್ತ್ರ ಕೂಡ ಅದರವೇ. ಕಲಿಸಲ್ಪಡಬೇಕಾದವನು, ತಿದ್ದಲ್ಪಡಬೇಕಾದವನು ಎಂದು ಅರ್ಥ. ಅಂದರೆ ಈ ಪದದೊಳಗೆ ಕಲಿಸುವವನ ಕೈ ಇದೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ 'ಶಿಷ್ಯ' ಎಂದಿರುವ ಕಡೆ ಗ್ರೀಕಿನಲ್ಲಿರುವ 'ಮಥೇತೇಸ್' ಹುಟ್ಟಿದ್ದು 'ಕಲಿ' ಎಂಬ ಕ್ರಿಯಾಪದದಿಂದ. ಅದು ಬರೀ 'ಕಲಿಯುವವನು'. (ಹಳಗನ್ನಡದಲ್ಲಿ ಇನ್ನೊಂದು ಪದವೂ ಇತ್ತು: ಶ್ರವಣಬೆಳಗೊಳದ ಶಾಸನಗಳಲ್ಲಿ ಜೈನ ಮುನಿಗಳ ಗೃಹಸ್ಥ ಶಿಷ್ಯನಿಗೆ 'ಗುಡ್ಡ', ಶಿಷ್ಯೆಗೆ 'ಗುಡ್ಡಿ'. ಈಗ ಬೆಟ್ಟ ಮಾತ್ರ ಉಳಿದಿದೆ.) ಮತ್ತಾಯ 28:19ರಲ್ಲಿ 'ಶಿಷ್ಯರನ್ನಾಗಿ ಮಾಡಿರಿ' ಎಂದಿರುವಾಗ ಯಾರ ಶಿಷ್ಯರು ಎಂಬುದರಲ್ಲಿ ಗೊಂದಲವಿಲ್ಲ, ಯೇಸುವಿನ ಶಿಷ್ಯರು. ಅದೇ ಸುವಾರ್ತೆಯ 23:8 ನಮಗೆ ಬೋಧಕನು ಒಬ್ಬನೇ, ನಾವೆಲ್ಲರೂ ಸಹೋದರರು ಎನ್ನುತ್ತದೆ. ಹೊಸ ಒಡಂಬಡಿಕೆಯ ಪತ್ರಗಳ ಗ್ರೀಕ್ ಮೂಲದಲ್ಲಿ 'ಮಥೇತೇಸ್' ಒಂದು ಕಡೆಯೂ ಬರುವುದಿಲ್ಲ. ಪೌಲನ ಪತ್ರಗಳಲ್ಲಿ ಅವನೇ ಕಲಿಸಿ ಬೆಳೆಸಿದ ತಿಮೊಥೆಯನು ಕೂಡ ಮಗ, ಜೊತೆಕೆಲಸದವನು.

ಇದು ಬರೀ ವ್ಯಾಕರಣದ ಮಾತಲ್ಲ. ಕನ್ನಡ ನಾಡಿನಲ್ಲಿ 'ಗುರು' ಎಂದ ಮೇಲೆ ಅಪ್ಪಣೆ, ಪಾದ, ಕಾಣಿಕೆ ಎಲ್ಲ ಹಿಂದೆಯೇ ಬರುತ್ತವೆ. ಹುಡುಗ ಕೆಲಸ ಬದಲಿಸುವುದಕ್ಕೂ ಹೆಣ್ಣು ನೋಡುವುದಕ್ಕೂ ಗುರುವಿನ ಒಪ್ಪಿಗೆ ಕೇಳತೊಡಗುತ್ತಾನೆ. ಕಲಿಸುವವರಿಗೂ ಅದು ಹಿತವೆನಿಸಿ ಒಪ್ಪಿಗೆ ಕೊಡತೊಡಗುತ್ತಾರೆ. ವರ್ಷ ಕಳೆದರೂ ಆತ ಸ್ವಂತವಾಗಿ ಬೈಬಲ್ ತೆರೆದು ತೀರ್ಮಾನಿಸಲು ಕಲಿತಿರುವುದಿಲ್ಲ. ಈ ಕೆಲಸ ಕೆಡುವ ಕಾರಣಗಳಲ್ಲಿ ದೊಡ್ಡದು ಇದೇ.

'ಹಿರಿಯರು' ಎನ್ನೋಣವೆಂದರೆ ಸಭೆಯಲ್ಲಿ ಅದೊಂದು ಹುದ್ದೆ. 'ಉಪದೇಶಿ' ಬಾಸೆಲ್ ಮಿಷನ್ (ಹಿಂದೆ ಕರಾವಳಿಗೆ ಬಂದ ಯುರೋಪಿನ ಮಿಷನರಿ ಸಂಸ್ಥೆ) ಕಾಲದಿಂದ ಸಂಬಳದ ಕೆಲಸದವರಿಗೆ ಸಂದ ಹೆಸರು. 'ಆಧ್ಯಾತ್ಮಿಕ ಮಾರ್ಗದರ್ಶಕ' ಕಥೋಲಿಕರಲ್ಲಿ ಚೆನ್ನಾಗಿ ನೆಲೆಸಿದೆ, ಅಲ್ಲಿಗೆ ಅದೇ ಸರಿ. ಉಳಿದ ಸಭೆಗಳ ಕೈಪಿಡಿಗೆ ನನ್ನ ಆಯ್ಕೆ 'ಒಡನಾಡಿ', ಕೆಲಸಕ್ಕೆ 'ಒಡನಾಟ'. ಕಲಿಯುವವರಿಗೆ ಬೇರೆ ಹೆಸರೇ ಬೇಡ, 'ಸಹೋದರ', 'ಸಹೋದರಿ' ಸಾಕು.

ಪದ ಬದಲಾದರೆ ಕೂರುವ ರೀತಿಯೂ ಬದಲಾಗಬೇಕು. ಒಂದು ಗಂಟೆಯ ಭೇಟಿಯಲ್ಲಿ ಹತ್ತು ನಿಮಿಷ ವಾರದ ಕ್ಷೇಮಸಮಾಚಾರ, ಮೂವತ್ತು ನಿಮಿಷ ವಾಕ್ಯ, ಹದಿನೈದು ನಿಮಿಷ ಪ್ರಾರ್ಥನೆ, ಉಳಿದ ಐದರಲ್ಲಿ ಮುಂದಿನ ವಾರಕ್ಕೆ ಮಾಡಬೇಕಾದ ಒಂದೇ ಒಂದು ಕೆಲಸ ಗೊತ್ತುಮಾಡುವುದು. ಮೊದಲಿಗೆ ಮಾರ್ಕನ ಸುವಾರ್ತೆ ಒಳ್ಳೆಯದು: 16 ಅಧ್ಯಾಯ, ವಾರಕ್ಕೊಂದರಂತೆ ನಾಲ್ಕು ತಿಂಗಳು. ಓದಿದ ಮೇಲೆ ಕೇಳಬೇಕಾದ್ದು ಇಷ್ಟೇ: ಇಲ್ಲಿ ಏನು ನಡೆಯಿತು, ಯೇಸು ಎಂಥವನೆಂದು ತಿಳಿಯಿತು, ನಾಳೆ ನಾನೇನು ಮಾಡಬೇಕು. ಒಡನಾಡಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಮಾತಾಡಿದರೆ ಅದು ಪ್ರಸಂಗವಾಯಿತು. (ಸಭೆಯಲ್ಲಿ 'ಪ್ರಸಂಗ' ಎಂದರೆ ವಾಕ್ಯಬೋಧನೆ, ಕರಾವಳಿಯ ಓದುಗರು ಯಕ್ಷಗಾನ ಎಂದುಕೊಳ್ಳದಿರಲಿ.) ಎಂಟನೆಯ ವಾರದಿಂದ ಪ್ರಶ್ನೆ ಕೇಳುವ ಕೆಲಸವನ್ನು ಕಲಿಯುವವರಿಗೇ ಬಿಡಬೇಕು. 2 ತಿಮೊಥೆಯ 2:2ರಲ್ಲಿ ನಾಲ್ಕು ತಲೆಮಾರು ಕಾಣುತ್ತದೆ: ಪೌಲ, ತಿಮೊಥೆಯ, ನಂಬಿಗಸ್ತರು, ಅವರಿಂದ ಕಲಿಯುವ ಇತರರು. ದಾಟಿಸಲು ಬಾರದವನು ಇನ್ನೂ ಕಲಿತಿಲ್ಲವೆಂದೇ ಲೆಕ್ಕ.

ಗಂಡಸರು ಗಂಡಸರೊಡನೆ, ಹೆಂಗಸರು ಹೆಂಗಸರೊಡನೆ, ನಾಲ್ಕು ಜನ ಕಾಣುವ ಜಾಗದಲ್ಲಿ ಕೂರಲಿ. ಹದಿನೆಂಟು ತುಂಬದವರಾದರೆ ಮನೆಯವರಿಗೆ ತಿಳಿದಿರಬೇಕು. ಸಾಲ ಕೊಡುವುದು, ಕೇಳುವುದು ಎರಡೂ ಬೇಡ. ಸಾಲ ಬಂದ ದಿನ ಒಡನಾಟ ಮುಗಿಯುತ್ತದೆ.

ಉತ್ತರ 2:

ಮೇಲಿನವರು ಬಿಟ್ಟ ಎರಡು ಪದಗಳಿಗೆ ಬರುತ್ತೇನೆ.

'ಅಕೌಂಟಬಿಲಿಟಿ'ಗೆ 'ಲೆಕ್ಕ ಒಪ್ಪಿಸುವುದು' ಎಂದು ಕೆಲವರು ಬರೆಯುತ್ತಾರೆ. ಲೂಕ 16ರಲ್ಲಿ ಧಣಿ ಲೆಕ್ಕ ಕೇಳುವುದು ದೂರು ಬಂದ ಮನೆವಾರ್ತೆಯವನನ್ನು, ಅಂದರೆ ತನ್ನ ಆಸ್ತಿ ನೋಡಿಕೊಳ್ಳುವವನನ್ನು. ಆ ಛಾಯೆ ಇಲ್ಲಿಗೆ ಬಂದರೆ ಭೇಟಿಯೆನ್ನುವುದು ಹಾಜರಿ ಪುಸ್ತಕವಾಗುತ್ತದೆ: ಎಷ್ಟು ದಿನ ಪ್ರಾರ್ಥಿಸಿದೆ, ಎಷ್ಟು ಅಧ್ಯಾಯ ಓದಿದೆ. ಮೂರನೆಯ ವಾರಕ್ಕೆ ಸುಳ್ಳು ಶುರು. ಯಾಕೋಬ 5:16ರ 'ಅರಿಕೆ' ನನಗೆ ಇಷ್ಟ. ಅಲ್ಲಿ 'ಒಬ್ಬರಿಗೊಬ್ಬರು' ಎಂದಿದೆ, ಒಡನಾಡಿಯೂ ತನ್ನ ಸೋಲನ್ನು ಹೇಳಲೇಬೇಕು. ಕೇಳಿದ್ದು ಸಭಾಪಾಲಕರ (ಪಾಸ್ಟರ್) ಕಿವಿಗೂ ಹೋಗಬಾರದು. ಆದರೆ ಪ್ರಾಣಕ್ಕೆ ಅಪಾಯವಿರುವ ಮಾತು, ಮಕ್ಕಳ ಮೇಲಿನ ದೌರ್ಜನ್ಯದ ಮಾತು ಗುಟ್ಟಾಗಿ ಉಳಿಯುವುದಿಲ್ಲವೆಂದು ಮೊದಲ ದಿನವೇ ಹೇಳಿಬಿಡಬೇಕು. ಆಮೇಲೆ ಹೇಳಿದರೆ ಮೋಸವೆನಿಸುತ್ತದೆ.

'ಕ್ವೈಟ್ ಟೈಮ್'ಗೆ 'ಮೌನ ಸಮಯ' ಬೇಡ. 'ವಾಕ್ಯಧ್ಯಾನ' ಆಗಲೇ ಬಳಕೆಯಲ್ಲಿದೆ. ಒಂದು ಎಚ್ಚರ: 'ಧ್ಯಾನ' ಎಂದರೆ ಕಣ್ಣುಮುಚ್ಚಿ ಮನಸ್ಸು ಬರಿದು ಮಾಡುವುದೆಂದು ಹೊಸಬರು ತಿಳಿಯುತ್ತಾರೆ, ಐದು ನಿಮಿಷಕ್ಕೆ ತೂಕಡಿಸಿ ತಮಗೆ ಭಕ್ತಿಯೇ ಇಲ್ಲವೆಂದು ಕುಗ್ಗುತ್ತಾರೆ. ಕೀರ್ತನೆ 1:2ರ ಹೀಬ್ರೂ ಪದ 'ಹಾಗಾ' ಸದ್ದು ಮಾಡುವ ಪದ. ಯೆಶಾಯ 31:4ರಲ್ಲಿ ಸಿಂಹದ ಗುರುಗುಟ್ಟುವಿಕೆಗೆ, 38:14ರಲ್ಲಿ ಪಾರಿವಾಳದ ಕೊರಗಿಗೆ ಅದೇ ಪದವಿದೆ. ಆದ್ದರಿಂದ ನಾಲ್ಕೈದು ವಚನ ತೆಗೆದುಕೊಂಡು, ತುಟಿ ಅಲ್ಲಾಡಿಸುತ್ತ ಮೂರು ಸಲ ಓದಿ, ಒಂದು ಸಾಲನ್ನು ದಿನವಿಡೀ ಮೆಲುಕು ಹಾಕಲಿ. ಶುರುವಿಗೆ ಹತ್ತು ನಿಮಿಷ ಸಾಕು. ಮೊದಲ ದಿನವೇ ಒಂದು ಗಂಟೆ ಹೇಳಿದರೆ ವಾರದೊಳಗೆ ನಿಂತುಹೋಗುತ್ತದೆ. ಕೈಪಿಡಿಯಲ್ಲಿ 'ವಾಕ್ಯಧ್ಯಾನ' ಎಂದು ಬರೆದು ಪಕ್ಕದಲ್ಲೇ 'ಮೆಲುಕು ಹಾಕುವುದು' ಎಂದು ಅರ್ಥ ಕೊಡಿ.

ಬೀದರ್ ಕಡೆಯ ಮೆಥೊಡಿಸ್ಟ್ ಸಭೆಗಳ ಆಡುಮಾತಿನಲ್ಲಿ ಈ ಒಡನಾಟಕ್ಕೆ ಬೇರೆ ಹೆಸರಿದ್ದರೆ ಆ ಕಡೆಯವರು ದಯವಿಟ್ಟು ಬರೆಯಿರಿ.